ಮೌನಯ್ಯ ತಾತನ ಗದ್ದುಗೆ

"ಏನ್ರಿ ಇದು? ಇಲ್ಲಿ ಯಾರಿಗರ ಮಣ್ಣು ಮಾಡೀರೇನು?"

ಕೇಶರಬಾಯಿ ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳ ಗಂಡ ಜ್ಞಾನೇಶ್ವರ ಮಾಸ್ತರ ಹುಲಸೂರಿನ ಶಾಲೆಯಲ್ಲಿ ಕಲಿಸುತ್ತಿದ್ದ. ಮದುವೆಯಾದ ಹೊಸತು, ಹುಮನಾಬಾದಿನಲ್ಲೊಂದು ಮನೆ ಕಟ್ಟುವ ಆಸೆ. ಪ್ಲಾಟು ನೋಡಲು ಬಂದವರು ತೊಗರಿ ಕೂಳೆಗಳ ನಡುವೆ ಎಳೆದ ಸುಣ್ಣದ ಗೆರೆಗಳನ್ನು ದಾಟುತ್ತ ಮೂಲೆಯವರೆಗೆ ಬಂದಿದ್ದರು. ಅಲ್ಲಿ ಮೊಣಕಾಲೆತ್ತರದ ಕರಿಕಲ್ಲು ನಿಂತಿತ್ತು. ಕಲ್ಲಿಗೆ ವಿಭೂತಿ ಬಳಿದಿತ್ತು, ಮೇಲೊಂದು ಕಣಗಿಲೆ ಹೂವು. ಬೆಳಿಗ್ಗೆಯಷ್ಟೇ ಇಟ್ಟದ್ದು, ಇನ್ನೂ ಬಾಡಿರಲಿಲ್ಲ.

ಹೊಲದ ಯಜಮಾನ ಮಹಾರುದ್ರಪ್ಪ ಬಾಯಲ್ಲಿದ್ದ ತಂಬಾಕನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದ. ಆಮೇಲೆ ಚಪ್ಪಲಿ ಕಳಚಿ ಕೈ ಮುಗಿದ.

"ಚಪ್ಲಿ ಬಿಡವ್ವಾ. ಇದು ಮೌನಯ್ಯ ತಾತನ ಗದ್ದುಗಿ, ತಾತ ಇಲ್ಲೇ ಐಕ್ಯ ಆಗ್ಯಾನ. ನಮ್ಮ ಮುತ್ಯಾನ ಕಾಲದಿಂದ ನಡ್ಕೊಂಡು ಬಂದೀವಿ. ತಾತ ಯಾರ ಕೂಡನೂ ಮಾತಾಡ್ತಿದ್ದಿಲ್ಲಂತ. ಕೈ ಮುಟ್ಟಿಸಿದ್ರ ಸಾಕು, ಕೂಸುಗಳ ಜಡ್ಡು ಹೋಗ್ತಿತ್ತಂತ."

"ಹಂಗಾದ್ರ ಸತ್ಯುಳ್ಳ ಜಾಗಾ" ಎಂದ ಮಾಸ್ತರ, ತಾನೂ ಚಪ್ಪಲಿ ಬಿಡುತ್ತ.

"ನಮ್ಮ ಸೊಸಿನೇ ದಿನಾ ಪೂಜಿ ಮಾಡ್ತಾಳ. ಹೌದಿಲ್ಲೋ ಮನೀಷಾ?"

ಚಹದ ಕಿಟ್ಲಿ ಹಿಡಿದು ನಿಂತಿದ್ದ ಮನೀಷಾ ಕಲ್ಲನ್ನು ನೋಡಿದಳು, ಮಾವನನ್ನು ನೋಡಿದಳು. "ಹೌದ್ರಿ" ಎಂದಳು.

ಆ ಕಲ್ಲಿನ ಕೆಳಗಿದ್ದದ್ದು ಅವಳ ಮಗಳು ಸ್ನೇಹಲ್. ಹಿಂದಿನ ಬೇಸಿಗೆಯಲ್ಲಿ ವಾಂತಿ ಭೇದಿ ಹಿಡಿದು ಹೋದ ಐದು ತಿಂಗಳ ಕೂಸು. ಅಜವಾನದ ನೀರು ಕುಡಿಸಿ, ದೃಷ್ಟಿ ತೆಗೆದು, ನಾಳೆ ಇಳಿಯುತ್ತದೆ ಎಂದು ಕಾದಿದ್ದರು. ಕೊರಳಿಗೆ ಕಟ್ಟಿದ ಪುಟ್ಟ ಲಿಂಗದ ಸಮೇತ ಗಂಡ ವೀರಭದ್ರನೇ ಅವಳನ್ನು ಇಲ್ಲಿ ತಗ್ಗು ತೆಗೆದು ಇಟ್ಟಿದ್ದ. ಹೊಲ ಪ್ಲಾಟು ಮಾಡುವ ಮಾತು ಬಂದಾಗ ಅದೊಂದು ಮೂಲೆ ಬಿಡಿರೆಂದು ಅವಳು ಬೇಡಿಕೊಂಡಿದ್ದಳು. ಮೂಲೆ ಪ್ಲಾಟು, ಎರಡೂ ಕಡೆ ರಸ್ತೆ, ಹೆಣ ಹೂತಲ್ಲಿ ಯಾರು ಮನೆ ಕಟ್ಟುತ್ತಾರೆ ಎಂದು ವೀರಭದ್ರ ಮಗ್ಗುಲು ಬದಲಿಸಿ ಮಲಗಿದ್ದ. ಕಲ್ಲು ಕಿತ್ತು ನೆಲ ಸಮ ಮಾಡಲು ನಾಳೆ ಟ್ರ್ಯಾಕ್ಟರ್ ಬರುವುದಿತ್ತು.

ಹೀಗಾಗಿ ಆ ಸಂಜೆ ಮನೀಷಾ ಮಾವನ ಕಾಲಿಗೆ ಬಿದ್ದಳು. ಕಲ್ಲು ಉಳಿಯಿತಲ್ಲ, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

"ಏಳು ಏಳು. ನಾ ಏನು ನಿನ್ನ ಮಗಳ ಸಲುವಾಗಿ ಮಾಡಿಲ್ಲ" ಎಂದ ಮಹಾರುದ್ರಪ್ಪ. "ಇನ್ನ ಬಾಯಿ ತೆರೀಬ್ಯಾಡ. ಸಾಕು."

ಮಾಸ್ತರ ಎದುರಿನ ಪ್ಲಾಟು ಹಿಡಿದ. ಅವನ ಹಿಂದೆ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ಕ್ಲಾರ್ಕು ಬಂದ, ಬಸ್ ಕಂಡಕ್ಟರ್ ಬಂದ, ಕಂಪೌಂಡರನೊಬ್ಬ ತಾಯಿ ಬಾಳಮ್ಮನನ್ನು ಕರೆದುಕೊಂಡು ಬಂದ. ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಬೇಕೆಂದು ಹಳ್ಳಿಯ ಮನೆಗೆ ಬೀಗ ಹಾಕಿ ಬಂದವರೂ ಇದ್ದರು. ಮುರುಮು ಹಾಸಿದ ರಸ್ತೆಗಳ ಅಕ್ಕಪಕ್ಕ ಬುನಾದಿಗಳು ಎದ್ದವು. ಮೊದಲು ಊರು ಹೆದ್ದಾರಿಯ ಗ್ಯಾರೇಜುಗಳ ಹತ್ತಿರ ಮುಗಿಯುತ್ತಿತ್ತು. ಈಗ ಗ್ಯಾರೇಜುಗಳೇ ಊರ ನಡುವೆ ಬಂದಿದ್ದವು. "ಊರು ಮುಂದ್ ಮುಂದ್ ಓಡ್ಲಾಕತ್ತದ, ನಾ ಅದರ ಹಿಂದ ಸುಣ್ಣ ಹಾಕ್ಕೋತ ಹೊಂಟೀನಿ" ಎಂದು ಮಹಾರುದ್ರಪ್ಪ ನಗುತ್ತಿದ್ದ. ಎರಡು ವರ್ಷಕ್ಕೆ ಹೊಲದ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ. ಬಸ್ ನಿಲ್ದಾಣದಲ್ಲಿ ಆಟೋದವರು "ಮೌನಯ್ಯ ನಗರ, ಮೌನಯ್ಯ ನಗರ" ಎಂದು ಕೂಗುತ್ತಿದ್ದರು.

ಕಲ್ಲಿನ ಮೇಲೆ ತಗಡಿನ ಚಪ್ಪರ ಬಂತು. ಕಲ್ಲಿಗೆ ಕಾವಿ ಶಾಲು ಹೊದಿಸಿದರು. ತಾತನ ಚಿತ್ರ ಬರೆಯಲು ಬಂದ ಪೇಂಟರು ಮುಖ ಹೇಗಿತ್ತೆಂದು ಕೇಳಿದ.

"ನನ್ನಂಗೇ ಬರಿ. ಗಡ್ಡ ಉದ್ದ ಇರ್ಲಿ" ಎಂದ ಮಹಾರುದ್ರಪ್ಪ. ಕುಳಿತವರೆಲ್ಲ ನಕ್ಕರು. ಎದೆಯುದ್ದದ ಬಿಳಿ ಗಡ್ಡದ ತಾತ ಸಿದ್ಧನಾದ. ಮನೀಷಾ ಚಹದ ಲೋಟ ಕೆಳಗಿಡುತ್ತ ಚಿತ್ರವನ್ನು ನೋಡಿದಳು. ಸ್ನೇಹಲ್‌ಗೆ ಇನ್ನೂ ಹಲ್ಲೂ ಬಂದಿರಲಿಲ್ಲ.

ಅದಾದ ಮೇಲೆ ಕಬ್ಬಿಣದ ಸರಳುಗಳು ಬಂದವು, ಗೇಟು ಬಂತು, ಪೂಜೆಗೊಬ್ಬ ಸ್ವಾಮಿ ಬಂದರು. ಹೆಂಗಸರು ಗೇಟಿನಾಚೆ ನಿಲ್ಲಬೇಕೆಂದು ಫಲಕ ತೂಗಿತು. ಹೂವು ಹಿಡಿದು ಬಂದ ಮನೀಷಾ ಫಲಕದ ಮುಂದೆ ನಿಂತಳು. ಮನೆಗೆ ತಿರುಗಿ ಬಂದು, ಮೊದಲ ಸಲ ಮಾವನಿಗೆ ಎದುರು ಮಾತಾಡಿದಳು.

"ಶರಣರ ಕಲ್ಯಾಣದ ಸೀಮ್ಯಾಗ ಇದೆಂಥ ಮಡಿರಿ, ಮಾಮಾ? ನಮ್ಮೋರಾಗ ಹೆಣ್ಣು ಗಂಡು ಅಂತ ಭೇದ ಅದ ಏನ್ರಿ?"

"ಮಡಿ ಅಲ್ಲ. ನೀ ಅಲ್ಲಿ ಕುಂತು ಅಳ್ತಿ. ಗಿರಾಕಿ ನೋಡ್ತಾರ" ಎಂದ ಮಹಾರುದ್ರಪ್ಪ, ಹಲ್ಲಿನ ಸಂದಿಯ ಅಡಕೆ ತೆಗೆಯುತ್ತ. "ನಿನ್ನೊಬ್ಬಾಕಿಗೇ ಬ್ಯಾಡಂದ್ರ ಮಂದಿ ಯಾಕ ಅಂತಾರ. ಅದಕ್ಕ ಎಲ್ಲಾರಿಗೂ ಬ್ಯಾಡ ಅಂದೀನಿ."

ಆ ಚೈತ್ರದಲ್ಲಿ ಬಿಸಿಲು ಬೇಗ ಏರಿತು. ಒಂದು ಸೋಮವಾರ ಮಧ್ಯಾಹ್ನ ಕೇಶರಬಾಯಿ ಗೇಟಿನ ಹತ್ತಿರ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನೀರು ತರಲು ಹೊರಟಿದ್ದ ಮನೀಷಾ ಕೊಡ ಕೆಳಗಿಟ್ಟು ಬಗ್ಗಿ ನೋಡಿದಳು. ಕೂಸಿನ ಕಣ್ಣು ಒಳಗೆ ಹೋಗಿದ್ದವು. ನೆತ್ತಿ ಗುಳಿ ಬಿದ್ದಿತ್ತು. ಅಳುತ್ತಿತ್ತು, ಕಣ್ಣಲ್ಲಿ ನೀರಿರಲಿಲ್ಲ.

"ವೈನಿ, ದವಾಖಾನಿಗಿ ಒಯ್ರಿ."

"ಮುಂಜಾನಿಂದ ಕುಂತೀನಿ. ತಾತನ ತೀರ್ಥ ಹಾಕೀನಿ. ಸಂಜೀಕ ಇಳೀತದಂತ ಹೇಳ್ಯಾರ."

"ಇಳಿಯಂಗಿಲ್ರಿ. ಏಳ್ರಿ, ನಾನೂ ಬರ್ತೀನಿ."

"ಸುಮ್ನಿರು ತಂಗಿ. ತಾತನ ಮುಂದ ಕೆಟ್ಟ ಮಾತ್ಯಾಕ?"

"ಇಲ್ಲಿ ತಾತನೂ ಇಲ್ಲ, ಯಾರೂ ಇಲ್ಲ!" ಮನೀಷಾಳ ದನಿ ಅವಳಿಗೇ ಗುರುತು ಸಿಗದಷ್ಟು ಏರಿತ್ತು. "ಇಲ್ಲಿರಾಕಿ ನನ್ನ ಮಗಳು. ಐದು ತಿಂಗಳಾಕಿ. ನಾಳಿಗಿ ಇಳೀತದ, ನಾಳಿಗಿ ಇಳೀತದ ಅಂತ ನಾವೂ ಹಿಂಗೇ ಕುಂತಿದ್ವಿ!"

ಕೇಶರಬಾಯಿ ಚೀರಿ ಕೂಸನ್ನು ಎದೆಗವಚಿಕೊಂಡಳು. ಸತ್ತ ಕೂಸಿನ ಮಾತು ಕೇಳಿದ ಮೇಲೆ ಅಲ್ಲಿ ನಿಲ್ಲುವ ಧೈರ್ಯ ಅವಳಿಗಾಗಲಿಲ್ಲ. ಮೂಲೆಯಲ್ಲಿ ನಿಂತಿದ್ದ ಆಟೋದ ಕಡೆ ಓಡಿ, ದವಾಖಾನೆಗೆ ನಡಿ ಎಂದಳು.

ಹೆಂಗಸರು ಸೇರಿದರು. ಮಹಾರುದ್ರಪ್ಪ ಮಗನೊಂದಿಗೆ ಬಂದ. ಅವನು ಬೈಯಲಿಲ್ಲ. ಸೊಸೆಯ ತಲೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಮೆತ್ತಗೆ ಮಾತಾಡಿದ.

"ಕೂಸು ಹೋದಾಗಿಂದ ಇಕಿ ತಲಿ ನೆಟ್ಟಗಿಲ್ರವ್ವಾ. ಮನಿ ಮರ್ಯಾದಿ ಅಂತ ಯಾರ ಮುಂದನೂ ಅಂದಿದ್ದಿಲ್ಲ."

ಮನೀಷಾ ಅವನ ಕೈ ಕೊಡವಿ ಗಂಡನ ಕಡೆ ತಿರುಗಿದಳು. "ನೀವೇ ತಗ್ಗು ತೆಗೆದ್ರಲ್ಲ. ಹೇಳ್ರಿ. ಎಲ್ಲಿ ಇಟ್ರಿ ನನ್ನ ಕೂಸಿಗಿ?"

ವೀರಭದ್ರ ರಸ್ತೆಯ ಬದಿಗೆ ಹೊಸದಾಗಿ ಹೂಳುತ್ತಿದ್ದ ನೀರಿನ ಪೈಪನ್ನು ನೋಡುತ್ತಿದ್ದ. ಇನ್ನೂ ಅರ್ಧ ಪ್ಲಾಟುಗಳು ಉಳಿದಿದ್ದವು.

"ಹಳ್ಳದ ದಂಡಿಗಿ" ಎಂದ. "ಮರ್ತಾಳ ಪಾಪ."

ಹೆಂಗಸರು ಲೊಚಗುಟ್ಟಿದರು. ಬಾಳಮ್ಮ ಮುಂದೆ ಬಂದು, "ತಾತಗ ಬೈದಾಳ, ತಾತನೇ ಬಿಡಿಸ್ಬೇಕು. ಐದು ಸೋಮವಾರ ಗದ್ದುಗಿ ಮುಂದ ಕಟ್ಟಿ ಕುಂದರಸ್ರಿ" ಎಂದಳು. ಹೆಂಗಸರಿಗೆ ಒಳಗೆ ಬಿಡುವುದಿಲ್ಲವಲ್ಲ ಎಂದು ಯಾರೋ ಅಂದರು. ಹುಚ್ಚು ಹಿಡಿದವರಿಗೆ ಆ ನೇಮ ಇಲ್ಲವೆಂದು ಬಾಳಮ್ಮನೇ ತೀರ್ಮಾನ ಕೊಟ್ಟಳು. ಮಹಾರುದ್ರಪ್ಪ ಆಗಲೆಂದು ತಲೆಯಾಡಿಸಿದ.

ದವಾಖಾನೆಯಲ್ಲಿ ಸಲೈನ್ ಹಚ್ಚಿದ್ದರಿಂದ ಕೇಶರಬಾಯಿಯ ಕೂಸು ಉಳಿಯಿತು. ಮುಂದಿನ ಸೋಮವಾರ ಅವಳು ಕೂಸನ್ನು ಎತ್ತಿಕೊಂಡು ಬಂದು ತಾತನಿಗೆ ಕಾಯಿ ಒಡೆಸಿದಳು. ಸರಳಿನ ಒಳಗೆ ಮನೀಷಾ ಕುಳಿತಿದ್ದಳು. ನಡುವಿಗೆ ಸುತ್ತಿದ ಹಗ್ಗದ ಇನ್ನೊಂದು ತುದಿ ಚಪ್ಪರದ ಕಂಬಕ್ಕೆ ಬಿಗಿದಿತ್ತು. ತಲೆಗೂದಲು ಬಿಚ್ಚಿ ಬೂದಿ ಹಚ್ಚಿದ್ದರು.

"ಈಕಿನೇ ಅಲ್ಲೇನು ತಾತ ಇಲ್ಲ ಅಂದಾಕಿ?" ಎಂದಳು ಕೇಶರಬಾಯಿಯ ಜೊತೆ ಬಂದವಳೊಬ್ಬಳು.

"ಆಕಿನೇ. ಎಷ್ಟು ಒದರ್ತಿದ್ಲು! ಒಳಗ ಕುಂದರ್ಸಿದ್ದೇ ತಡ, ಪಿಟ್ ಅಂದಿಲ್ಲ ನೋಡು" ಎಂದಳು ಬಾಳಮ್ಮ.

ರಸ್ತೆಯಾಚೆ ಮಹಾರುದ್ರಪ್ಪ ಭಾಲ್ಕಿಯಿಂದ ಬಂದ ಇಬ್ಬರಿಗೆ ಉಳಿದ ಪ್ಲಾಟುಗಳನ್ನು ತೋರಿಸುತ್ತಿದ್ದ. ಅವರು ಮಾತು ನಿಲ್ಲಿಸಿ ಸರಳುಗಳ ಕಡೆ ನೋಡಿದರು. ಮಹಾರುದ್ರಪ್ಪ ದನಿ ತಗ್ಗಿಸಿ ಅವರಿಗೆ ಏನೋ ವಿವರಿಸಿದ. ಇಬ್ಬರೂ ಚಪ್ಪಲಿ ಕಳಚಿದರು.

ಮನೀಷಾ ಯಾರ ಕಡೆಗೂ ನೋಡಲಿಲ್ಲ. ಹಗ್ಗ ಬಿಡುವಷ್ಟು ದೂರ ಸರಿದು, ಕಲ್ಲಿಗೆ ಮಗ್ಗುಲು ತಾಗಿಸಿ ಕುಳಿತಿದ್ದಳು. ಒಂದು ಕೈ ಕಾವಿ ಶಾಲಿನ ಕೆಳಗೆ ಹೋಗಿತ್ತು. ಅಂಗೈ ಕಲ್ಲನ್ನು ಮೆಲ್ಲಗೆ ತಟ್ಟುತ್ತಿತ್ತು, ನಿಲ್ಲಿಸುತ್ತಿತ್ತು, ಮತ್ತೆ ತಟ್ಟುತ್ತಿತ್ತು. ಗೇಟಿನಾಚೆ ನಿಂತಿದ್ದ ಒಬ್ಬಳು ಶಾಲು ಅಲುಗುವುದನ್ನು ಕಂಡು, ಪಕ್ಕದವಳ ಮೊಣಕೈ ತಿವಿದು, ಎರಡೂ ಕೈ ಜೋಡಿಸಿದಳು.