ಮಂಚದ ಎದುರಿನ ಅಂಕಿ

ರಸ್ತೆ, ಕರೆಂಟಿನ ಕಂಬ, ಫೋನಿನ ಸಿಗ್ನಲ್ಲು ಎಲ್ಲವನ್ನೂ ಹಿಂದೆ ಬಿಟ್ಟು ಎರಡು ತಾಸು ಏರಿದರೆ ಸಿಗುವ ಗುಡ್ಡದ ಮೇಲೆ ವಾಸ್ತುಶಿಲ್ಪಿ ಹುಡುಗಿಯೊಬ್ಬಳು ನಕ್ಷೆ ಬರೆದ ಮೊದಲ ಮನೆ ನಿಂತಿತ್ತು. ಒಂದೇ ಕೋಣೆ, ಒಂದು ಪಕ್ಕಕ್ಕೆ ಪೂರ್ತಿ ಗಾಜು, ಮಾಡಿನ ಮೇಲೆ ಸೋಲಾರ್ ಹಲಗೆಗಳು, ಹಿತ್ತಿಲಲ್ಲಿ ಮಳೆನೀರಿನ ತೊಟ್ಟಿ. ಅವಳ ಕಚೇರಿಯಲ್ಲೊಂದು ಕಟ್ಟಳೆಯಿತ್ತು. ನಕ್ಷೆ ಬರೆದವರು ಅಲ್ಲಿ ಏಳು ದಿನ ಒಬ್ಬರೇ ಇದ್ದು, ‘ವಾಸಕ್ಕೆ ಯೋಗ್ಯ’ ಎಂದು ಸಹಿ ಹಾಕಬೇಕು. ಆಮೇಲೆಯೇ ಬೀಗದ ಕೈ ಒಡತಿಗೆ. ಒಡತಿ, ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ದಣಿದ ನರ್ಸು.

ಕಿಟಕಿಯ ಒಂದು ಚಿಲಕ ಬಿಟ್ಟರೆ ಮನೆಯಲ್ಲಿ ಕುಂದೇನೂ ಇರಲಿಲ್ಲ. ಆದರೂ ಹುಡುಗಿಗೆ ಕೂತಲ್ಲಿ ಕೂರಲಾಗಲಿಲ್ಲ. ಬ್ಯಾಟರಿ ಎಷ್ಟಿದೆಯೆಂದು ತೋರಿಸುವ ಮೀಟರನ್ನು ಮಂಚದ ಎದುರಿಗೇ, ಕಣ್ಣಿನ ಮಟ್ಟಕ್ಕೆ, ಹೆಮ್ಮೆಯಿಂದ ಕೂರಿಸಿದವಳು ಅವಳೇ. ನೂರಕ್ಕೆ ಅರವತ್ತೆರಡು. ಫ್ಯಾನ್ ಆರಿಸಿದಳು. ಅರವತ್ತೊಂದು. ಗುಂಯ್‌ಗುಡುತ್ತಿದ್ದ ಫ್ರಿಜ್ಜಿನ ಬಾಯಿ ಮುಚ್ಚಿಸಿದಳು. ಮೋಡವೊಂದು ಹಾದರೆ ಎದ್ದು ಹೋಗಿ ಮೀಟರಿನ ಮುಂದೆ ನಿಲ್ಲುತ್ತಿದ್ದಳು. ಅಜ್ಜಿಯ ಕಥೆಯಲ್ಲಿ ರಾಕ್ಷಸನ ಪ್ರಾಣ ಗಿಳಿಯಲ್ಲಿದ್ದ ಹಾಗೆ, ಅವಳ ಪ್ರಾಣ ಆ ಅಂಕಿಯಲ್ಲಿತ್ತು. ಗಾಜಿನಾಚೆ ಕಣಿವೆ ತನ್ನ ಪಾಡಿಗೆ ಬಣ್ಣ ಬದಲಿಸುತ್ತಲೇ ಇತ್ತು; ಇವಳಿಗೆ ಪುರುಸೊತ್ತಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಕಿಟಕಿಯ ಚಿಲಕ ಸರಿಮಾಡಲು, ಆ ಮನೆಯ ಮರಗೆಲಸ ಮಾಡಿದ್ದ ಬಡಗಿ ಬಂದ. ಅವಳೊಡನೆ ಮಾತಾಡುತ್ತಲೇ ಅವಳ ಕಣ್ಣು ಓಡುವ ದಿಕ್ಕನ್ನು ಗಮನಿಸಿದ.

“ಏನಮ್ಮಾ, ಮನೆ ಕಾಯ್ತಿದ್ದೀಯೋ, ಆ ಡಬ್ಬಿ ಕಾಯ್ತಿದ್ದೀಯೋ?”

“ಖಾಲಿಯಾದ್ರೆ ಏನಣ್ಣಾ ಗತಿ?”

“ಏನಾಗತ್ತೆ, ಮೇಣದಬತ್ತಿ ಹಚ್ಕೋತಾರೆ. ನೀನು ಐದು ದಿನಕ್ಕೇ ಹೀಗಾಗಿದ್ದೀಯ. ರೋಗಿಗಳ ತಲೆದೆಸೇಲಿ ಅಂಕಿ ನೋಡಿ ನೋಡಿ ಸಾಕಾಗಿ ಬರೋ ಆ ತಾಯಿ ಕಥೆ ಏನು?”

ಅವಳ ಮುಖ ಸಪ್ಪಗಾಯಿತು. ಇಷ್ಟು ದಿನ ಇದು ಹೊಳೆದಿರಲೇ ಇಲ್ಲ.

ಅವಳು ಹೇಳಿದಂತೆ ಬಡಗಿ ಗೋಡೆ ಕೊರೆದು, ಮೀಟರನ್ನು ಅದೇ ಗೋಡೆಯ ಹೊರಮೈಗೆ, ಸೂರಿನಡಿ ತಿರುಗಿಸಿ ಕೂರಿಸಿದ. ಒಳಗಿನ ತೂತಿಗೆ ಹಲಗೆ ಬಡಿದ. ಅಷ್ಟರಲ್ಲಿ ಅವಳು ಅಂಕಿ ನೋಡಲೆಂದು ಎರಡು ಸಲ ಬಾಗಿಲಿನವರೆಗೆ ಹೋಗಿ ವಾಪಸು ಬಂದಿದ್ದಳು.

“ಇನ್ನೆರಡೇ ದಿನ. ಸಹಿ ಹಾಕಿ ಇಳಿದುಬಿಡು,” ಎಂದ, ಉಳಿ ಒರೆಸುತ್ತಾ.

“ಇಲ್ಲಣ್ಣ. ಇವತ್ತಿಂದ ಮತ್ತೆ ಒಂದನೇ ದಿನ ಅಂತ ನಮ್ಮ ಕಚೇರಿ ಯಜಮಾನ್ರಿಗೆ ಹೇಳಿ. ಇದೀಗ ಬೇರೆ ಮನೆ ಆಯ್ತು.”

“ಅವರು ನನ್ನ ತಲೆ ತಿಂತಾರೆ.”

“ತಿನ್ನಲಿ ಬಿಡಿ. ಅವರ ಹಲ್ಲೇ ಮುರಿಯತ್ತೆ.”

ಅವನು ನಗುತ್ತಾ ಗುಡ್ಡ ಇಳಿದ. ಅವಳು ಒಳಗೆ ಬಂದು, ಬೋಳು ಹಲಗೆಗೆ ಬೆನ್ನು ಹಾಕಿ, ಕುರ್ಚಿಯನ್ನು ಗಾಜಿನ ಕಡೆ ಎಳೆದು ಕೂತಳು. ಕಾಲು ಇನ್ನೂ ತಾಳ ಹಾಕುತ್ತಿತ್ತು. ಅಂಗೈಯಿಂದ ಮಂಡಿಯನ್ನು ಅದುಮಿ ಹಿಡಿದಳು.