ಮನೆಯಲ್ಲಿ ಆಡಿದ ಮಾತು

"ಸಿಟ್ಟು ಬಂದಾಗ ಏನಂತ ಬೈತಿದ್ರು ಅಕ್ಕಾ? ಅದನ್ನೇ ಹೇಳಿ. ಬೈಗುಳ ಆದ್ರೂ ಪರವಾಗಿಲ್ಲ."

ಕೇಳಿದ್ದು ಮಾತು ಕಲಿಸುವ ಹುಡುಗಿ. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹಾಗೇ. ಮಂಚದ ಮೇಲೆ ಗಂಡ ಚಾವಣಿ ನೋಡುತ್ತ ಮಲಗಿದ್ದ. ಬಾಯಿಯ ಒಂದು ಕೊನೆ ಜೋತುಬಿದ್ದಿತ್ತು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಅವನ ಮಾತು ನಿಂತುಹೋಗಿತ್ತು. ರೋಗಿ ಮನೆಯಲ್ಲಿ ದಿನಾ ಆಡುತ್ತಿದ್ದ ಮಾತನ್ನೇ ಹಿಡಿದು, ಅರ್ಧವನ್ನು ಮನೆಯವರು ಹೇಳಿ, ಉಳಿದರ್ಧ ಅವನ ಬಾಯಿಂದ ಬರುವವರೆಗೆ ಕಾಯುವುದು ಹುಡುಗಿಯ ಕ್ರಮ. ಪುಸ್ತಕದ ವಾಕ್ಯಕ್ಕೆ ನಾಲಗೆ ಏಳುವುದಿಲ್ಲವಂತೆ. ಮೊದಲ ಕೆಲವು ವಾರಗಳಲ್ಲಿ ಬಂದಷ್ಟು ಬಂತು, ಆಮೇಲೆ ಕಷ್ಟ ಎಂದು ದೊಡ್ಡ ಡಾಕ್ಟರು ಹೇಳಿಬಿಟ್ಟಿದ್ದರು.

"ಯೋಚನೆ ಮಾಡಿ ಹೇಳ್ತೀನಮ್ಮ," ಎಂದು ಹೆಂಡತಿ ಹೊರಗಿನ ಬೆಂಚಿಗೆ ಬಂದಳು.

ಫೋನು ತೆಗೆದಳು. ಗಂಡನಿಗೆ ಗೋದಾಮಿನಲ್ಲಿ ರಾತ್ರಿ ಪಾಳಿ; ಅವಳಿಗೆ ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ಪ್ಯಾಂಟುಗಳ ಅಂಚು ಹೊಲಿಯುವ ಕೆಲಸ. ಅವನು ಬಂದು ಬೀಗ ತೆಗೆಯುವ ಹೊತ್ತಿಗೆ ಅವಳು ಬಸ್ಸಿನಲ್ಲಿರುತ್ತಿದ್ದಳು. ವರ್ಷಗಳ ಸಂಸಾರವೆಲ್ಲ ಈ ಅಂಗೈಯಗಲದ ಗಾಜಿನ ಮೇಲೇ ನಡೆದುಹೋಗಿತ್ತು. ಬೆರಳಿನಿಂದ ಹಿಂದೆ ಹಿಂದೆ ಸರಿಸಿದಳು. 'ಲೇಟ್.' 'ಸರಿ.' 'ಗ್ಯಾಸ್ ಬಂತಾ.' 'ಬಂತು.' 'ಹೂಂ.' ಅವಳ ಅಪ್ಪ ತೀರಿಕೊಂಡ ದಿನ ಮುಗಿದ ಕೈಗಳ ಪುಟ್ಟ ಚಿತ್ರ ಬಂದಿತ್ತು. ಅವಳೂ ಅಂಥದ್ದೇ ಒಂದನ್ನು ಕಳಿಸಿದ್ದಳು. ಆಗ ಅದು ಕಡಿಮೆ ಅನ್ನಿಸಿರಲಿಲ್ಲ. ರಜೆಯಲ್ಲಿ ಇಬ್ಬರೂ ಮನೆಯಲ್ಲೇ ಇದ್ದಾಗಲೂ ಕೋಣೆಯಿಂದ ಅಡುಗೆಮನೆಗೆ ಫೋನಿನಲ್ಲೇ 'ಟೀ' ಎಂದು ಬರುತ್ತಿತ್ತು. ಅವಳು ಹೆಬ್ಬೆರಳೆತ್ತಿದ ಚಿತ್ರ ಕಳಿಸಿ ನೀರಿಡುತ್ತಿದ್ದಳು.

ನಾದಿನಿಗೆ ಫೋನು ಮಾಡಿದಳು.

"ಅಣ್ಣನ ಮಾತಾ?" ನಾದಿನಿ ಅಳುದನಿಯಲ್ಲೇ ನಕ್ಕಳು. "ಅವನು ಬಾಯಿ ತೆಗೆದ್ರೆ ಒಲೆ ಮೇಲಿನ ಹಾಲು ಉಕ್ಕಿ ಹೋಗೋದು ಅತ್ತಿಗೆ, ಅಮ್ಮ ಬಾಯಿ ಬಿಟ್ಕೊಂಡು ಕೇಳ್ತಾ ನಿಂತ್ಬಿಡೋಳು. ಒಂದು ಸಲ ಚಪ್ಪಲಿ ಕಳ್ಕೊಂಡು ಬಂದು, ಅದನ್ನೇ ಅರ್ಧ ದಿನ ಹೇಳಿದ್ದ. ಏನಂತ ಹೇಳ್ದ ಅಂದ್ರೆ... ಹಾಳು ತಲೆ, ನೆನಪಾಗ್ತಾ ಇಲ್ಲ. ನಿಮ್ಮ ಹತ್ರ ಆಡ್ತಿರ್ಲಿಲ್ವಾ?"

"ಆಡ್ತಿದ್ರು," ಎಂದಳು.

ಮದುವೆಯ ಹೊಸತರಲ್ಲಿ ಆಡಿದ್ದ, ನಿಜ. ಅವನ ತುಟಿ ಅಲುಗುತ್ತಿದ್ದದ್ದು, ಕೈ ಬೀಸುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಮಾತು ಮಾತ್ರ ಎಷ್ಟು ಕಿವಿಗೊಟ್ಟರೂ ಕೇಳಿಸಲೊಲ್ಲದು.

ಒಳಗೆ ಬಂದಾಗ ಹುಡುಗಿ ತಲೆಯೆತ್ತಿದಳು. "ಸಿಕ್ತಾ ಅಕ್ಕಾ?"

"ಸಿಕ್ತು." ಅವಳು ಗಂಡನ ಮುಖ ನೋಡದೆ ಹೊದಿಕೆಯ ಅಂಚನ್ನು ಸರಿಮಾಡಿದಳು. "ರಜಾ ದಿನ ನಾನು ಅಡುಗೆಮನೆಯಿಂದ ಈಚೆ ಬಂದ್ರೆ ಸಾಕು, ಹೇಳ್ತಿದ್ರು. 'ಮುಖ ಎಷ್ಟು ಬಾಡಿದೆ ನೋಡು, ಬಾ, ಇಲ್ಲಿ ಕೂತ್ಕೋ' ಅಂತ."

ಹುಡುಗಿ ಅದನ್ನು ಬರೆದುಕೊಂಡಳು. "ಪುಣ್ಯ ಮಾಡಿದ್ರಿ ಅಕ್ಕಾ. ನೀವೇ ಹೇಳಿ, ಕೊನೇದು ಮಾತ್ರ ಅವರಿಗೆ ಬಿಡಿ."

"ರೀ," ಎಂದು ಅವಳು ಬಗ್ಗಿದಳು. "ಮುಖ ಎಷ್ಟು ಬಾಡಿದೆ ನೋಡು. ಬಾ, ಇಲ್ಲಿ..."

ಅವನು ಚಾವಣಿಯಿಂದ ಕಣ್ಣಿಳಿಸಿ ಅವಳನ್ನು ನೋಡಿದ. ಹುಬ್ಬು ಗಂಟಾಯಿತು. ಬೇರೆ ಯಾರದೋ ಅಂಗಿಯನ್ನು ತೊಡಿಸಲು ಬಂದಂತೆ ಮೈ ಸ್ವಲ್ಪ ಹಿಂದೆ ಸರಿಯಿತು. ಅವಳು ಮತ್ತೆ ಹೇಳಿದಳು. ಇನ್ನೊಮ್ಮೆ ಹೇಳುವಾಗ ಅವಳ ದನಿಯೇ ಒಡೆಯಿತು. ಅವನ ಕತ್ತಿನ ನರ ಉಬ್ಬಿತು.

"ಕೂ... ಕೂತ್ಕೋ."

"ನೋಡಿದ್ರಾ?" ಹುಡುಗಿಯ ಮುಖ ಅರಳಿತು. "ಮನೇಲಿ ಆಡಿದ್ದು ಎಲ್ಲೂ ಹೋಗಿರಲ್ಲ, ಒಳಗೇ ಇರುತ್ತೆ. ನಾಳೆ ಇನ್ನೊಂದಷ್ಟು ನೆನಪು ಮಾಡ್ಕೊಂಡು ಬನ್ನಿ."

ಹುಡುಗಿ ಪಕ್ಕದ ಮಂಚಕ್ಕೆ ಕುರ್ಚಿ ಎಳೆದುಕೊಂಡು ಹೋದಳು. ಹೆಂಡತಿ ಹಾಸಿಗೆಯ ಅಂಚಿನಲ್ಲಿ ಕೂತಳು. ಗಂಡ ಬಾಯಿ ಅರ್ಧ ತೆರೆದುಕೊಂಡು ಅವಳ ತುಟಿಗಳನ್ನೇ ನೋಡುತ್ತಿದ್ದ, ತಾನು ಮುಂದೆ ಏನು ಹೇಳಬೇಕೆಂದು ಕಾಯುತ್ತ.