‘ಬೆಳೆ’ ಒತ್ತಿದ್ದು

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಾಜು ಕೂರುವುದಿಲ್ಲ, ಒತ್ತಾಯ ಮಾಡಿದರೆ ಒಡೆಯುತ್ತದೆ. ಇಷ್ಟೆಲ್ಲ ಗೊತ್ತಿದ್ದವಳಿಗೆ ಮದುವೆಯಾಗಿ ಬಂದ ಮನೆಯಲ್ಲಿ ತಾನು ಕೂರುವ ಜಾಗ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಮನೆಯಲ್ಲಿ ಇದ್ದವರು ಬಸ್ ಓಡಿಸುವ ಗಂಡ ಮತ್ತು ತೀರಿಕೊಂಡ ಮೊದಲ ಹೆಂಡತಿಯ ಮಗಳು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹುಡುಗಿಗೆ ‘ಪಟಾಕಿ’ ಎಂದೇ ಹೆಸರು. ಪಟಾಕಿ ಇವಳನ್ನು ಅಮ್ಮ ಎನ್ನಲಿಲ್ಲ; ಆಂಟಿ ಎಂದರೆ ಅಪ್ಪ ಗದರುತ್ತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ‘ಇಲ್ನೋಡಿ’ ಎನ್ನುವುದನ್ನು ಕಂಡುಹಿಡಿದಿದ್ದಳು. “ಇಲ್ನೋಡಿ, ಸೋಪು ಮುಗಿದಿದೆ.” “ಇಲ್ನೋಡಿ, ಅಪ್ಪ ಎಲ್ಲಿ?” ಒಂದು ವರ್ಷದ ಸಂಸಾರವೆಲ್ಲ ಇಲ್ನೋಡಿಯಲ್ಲೇ ಸಾಗಿತ್ತು. ಏನಾದರೊಂದು ಕರೆಯಲಿ, ಬೈದಾದರೂ ಕರೆಯಲಿ ಎಂದು ಅವಳಿಗೆ ಒಳಗೊಳಗೇ ಆಸೆ.

ಮುಂದಿನ ಕೋಣೆಯ ಗೋಡೆ ಬೋಳಾಗಿದೆ, ಮನೆಯವರ ಫೋಟೋಗಳನ್ನೆಲ್ಲ ಒಂದಕ್ಕೊಂದು ಕಚ್ಚಿಕೊಳ್ಳುವ ಹಾಗೆ ಜೋಡಿಸಿ ಒಂದೇ ದೊಡ್ಡ ಚಿತ್ರ ಮಾಡಿಸೋಣ ಎಂದವನು ಗಂಡ. ಎಂದವನೇ ಬಸ್ಸಿಗೆ ಹೋದ. ಅದಕ್ಕೆ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಆರಿಸುವ ಕೆಲಸ ಇವರಿಬ್ಬರ ತಲೆಗೆ ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಇವಳು ಮೆಚ್ಚಿದ್ದು ಎಲ್ಲರನ್ನೂ ಚೌಕದಲ್ಲಿ ಸಾಲಾಗಿ ಕೂರಿಸುತ್ತಿತ್ತು. “ಕಳ್ಳರ ಪಟ್ಟಿ ಇದ್ದಂಗಿದೆ” ಎಂದಳು ಪಟಾಕಿ. ಪಟಾಕಿ ಮೆಚ್ಚಿದ್ದು ಚೆನ್ನಾಗಿಯೇ ಕಚ್ಚಿಸುತ್ತಿತ್ತು, ಆದರೆ ಪುಕ್ಕಟೆ ಬಳಸಿದರೆ ಎಲ್ಲರ ಎದೆಯ ಮೇಲೂ ಕಂಪನಿಯ ಹೆಸರು ಬರೆಯುತ್ತಿತ್ತು. ಉಳಿದದ್ದು ಮೂರನೆಯದು. ತುಂಡುಗಳನ್ನು ಬೇಕಾದ ಆಕಾರಕ್ಕೆ ತಿದ್ದಬಹುದು, ಮೇಲಾಗಿ ಕನ್ನಡದಲ್ಲಿದೆ. ಆ ಕನ್ನಡವೋ, ದೇವರಿಗೇ ಪ್ರೀತಿ!

ಭಾನುವಾರ ಮಧ್ಯಾಹ್ನ ಪಟಾಕಿ ತಲೆಗೆ ನೀರು ಹಾಕಿಕೊಳ್ಳಲು ಹೋದಾಗ ಅವಳು ಕಂಪ್ಯೂಟರಿನ ಮುಂದೆ ಕೂತಳು. ಪುಟ್ಟ ಪಟಾಕಿಯನ್ನು ಎತ್ತಿಕೊಂಡು ನಗುತ್ತಿದ್ದ ಹೆತ್ತಮ್ಮನ ಫೋಟೋ ಅಂಚೆಚೀಟಿಯಷ್ಟೇ ಇತ್ತು. ಪಾಪ ಅನ್ನಿಸಿತು. ಈ ಮನೆಗೆ ಮೊದಲು ಬಂದವಳು, ದೊಡ್ಡದಾಗಿಯೇ ಇರಲಿ. ಮೇಲ್ಗಡೆ ‘ಬೆಳೆ’ ಎಂಬ ಗುಂಡಿ ಕಂಡಿತು. ಬೆಳೆಯಲಿ ಎಂದು ಒತ್ತಿದಳು. ಅಮ್ಮನ ತಲೆ ಹಾರಿಹೋಯಿತು. ಗಾಬರಿಯಲ್ಲಿ ಇನ್ನೊಮ್ಮೆ ಒತ್ತಿದಳು. ಕತ್ತೂ ಹೋಯಿತು.

“ನಮ್ಮಮ್ಮನ ತಲೆ ಎಲ್ಲಿ?”

ತಲೆಗೆ ಟವೆಲು ಸುತ್ತಿಕೊಂಡ ಪಟಾಕಿ ಹಿಂದೆಯೇ ನಿಂತಿದ್ದಳು. ಇವಳು ಮೌಸ್ ಬಿಟ್ಟು ತಿರುಗಿದಳು. ಮಲತಾಯಿಯರ ಬಗ್ಗೆ ಊರು ಹೇಳುವ ಕತೆಗಳಲ್ಲಿ ಇದೊಂದು ಬಾಕಿ ಇತ್ತು.

“ದೊಡ್ಡದು ಮಾಡೋಣ ಅಂತ ಒತ್ತಿದೆ ಕಣೇ. ಬೆಳೆ ಅಂತ ಬರೆದಿತ್ತು. ಬೆಳೀತಾರೆ ಅಂದ್ಕೊಂಡೆ.”

ಪಟಾಕಿ ಬಗ್ಗಿ ನೋಡಿದಳು. “ಅಂಚು ಕತ್ತರಿಸೋ ಕ್ರಾಪ್ ಅನ್ನೋದನ್ನ ಬೆಳೆ ಅಂತ ಮಾಡಿದಾರೆ. ಹೊಲದ ಬೆಳೆ!”

ಚಹಾ ಹಿಡಿದು ಬಂದ ಗಂಡ ತನ್ನ ಬೋಳುತಲೆ ಸವರಿಕೊಂಡ. “ಕ್ರಾಪ್ ಅಂದ್ರೆ ಕಟಿಂಗ್ ಅಲ್ವಾ? ಕೂದಲಿದ್ದಾಗ ನಾನೂ ಹೊಡೆಸಿಕೊಳ್ತಿದ್ದೆ.”

ಪಟಾಕಿ ತುಟಿ ಕಚ್ಚಿ ತಡೆದಳು, ಆಗಲಿಲ್ಲ. “ಅಯ್ಯೋ, ನಮ್ಮಮ್ಮಂಗೆ ಕ್ರಾಪ್ ಹೊಡೆದುಬಿಟ್ರಲ್ಲ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂವರೂ ನಕ್ಕರು. ಚಹಾ ನೆಲಕ್ಕೆ ಚೆಲ್ಲಿತು, ಯಾರೂ ಒರೆಸಲಿಲ್ಲ.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಪಟಾಕಿ ಅಮ್ಮನ ತಲೆ ವಾಪಸು ತಂದಳು, ಫೋಟೋವನ್ನು ಅಂಗೈಯಗಲ ಮಾಡಿದಳು. ಆಮೇಲೆ ಕಣ್ಣು ಕಿರಿದು ಮಾಡಿ, “ಇದ್ಯಾರು ಮೂಲೇಲಿ, ಇರುವೆ ಹಾಗೆ?” ಎಂದಳು.

“ನಾನೇ. ನಿಮಗೆಲ್ಲ ಜಾಗ ಉಳೀಲಿ ಅಂತ.”

ಪಟಾಕಿ ಆ ಚುಕ್ಕೆಯನ್ನು ಎಳೆದು ಅಮ್ಮನ ಪಕ್ಕಕ್ಕೆ ತಂದು ಹಿಗ್ಗಿಸಿದಳು. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸರಿಯಾಗಿ ಕೂತಿತು, ಒತ್ತಾಯ ಬೇಕಾಗಲಿಲ್ಲ.

“ಚಿಕ್ಕಮ್ಮ ಅಂದ ಮಾತ್ರಕ್ಕೆ ಇಷ್ಟು ಚಿಕ್ಕದಾಗಿರ್ಬೇಕಾ?” ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಕುಣಿಯಲಿಲ್ಲ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಹಾಗಾದ್ರೆ ಯಾವ ಸಾಫ್ಟ್‌ವೇರ್ ಅಂತ ತೀರ್ಮಾನ ಆಯ್ತಾ?” ಎಂದ ಗಂಡ.

“ಇದೇ” ಎಂದರು ಇಬ್ಬರೂ.

“ಆದ್ರೆ ಚಿಕ್ಕಮ್ಮ, ಬೆಳೆ ಮಾತ್ರ ಮುಟ್ಟಬೇಡಿ.”

“ಇಲ್ಲ ಕಣೇ, ಮುಟ್ಟಲ್ಲ” ಎಂದಳು ಚಿಕ್ಕಮ್ಮ.